ಹಸಿರು ಅಂಗಿಯವರ ಕೊನೆಯ ಪುಟ

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಅಪ್ಪನದ್ದು ಅಂತ ಇದ್ದದ್ದು ಎರಡೇ ಎರಡು ವಸ್ತು. ಒಂದು, ಅಂಗಳದ ಅಂಚಿನ ತೆಂಗಿನ ಮರಕ್ಕೆ ಹೊಡೆದ ಸೈಕಲ್ ರಿಮ್ಮು. ಇನ್ನೊಂದು, ಚಾವಡಿಯ ಗೋಡೆಗೂಡಿನಲ್ಲಿ ಇಟ್ಟಿದ್ದ ಸ್ಪೇನ್ ದೇಶದ ಒಂದು ಪುಸ್ತಕ. ಮಿಕ್ಕಿದ್ದೆಲ್ಲ, ಕೋಳಿಗೂಡಿನಿಂದ ಹಿಡಿದು ದೈವದ ಕೋಣೆಯ ಬೀಗದ ಕೈಯವರೆಗೆ, ಮಾವನ ಸುಪರ್ದಿಯಲ್ಲಿತ್ತು. ಮಾವ ಅಂದರೆ ಅಮ್ಮನ ಅಣ್ಣ, ಮನೆಯ ಯಜಮಾನ. ನಮ್ಮದು ಅಳಿಯಸಂತಾನದ ಮನೆ. ಮಾವನ ನಂತರ ಮನೆ ಹೋಗುವುದು ಮಾವನ ಮಗನಿಗಲ್ಲ, ತಂಗಿಯ ಮಕ್ಕಳಿಗೆ. ಗಂಡಾದರೆ ಅಳಿಯ, ಹೆಣ್ಣಾದರೆ ಸೊಸೆ. ಮಾವನಿಗೆ ಅಳಿಯ ಇರಲಿಲ್ಲ. ಇದ್ದದ್ದು ಒಬ್ಬಳೇ ಸೊಸೆ, ನಾನು. ಇದನ್ನು ಈಗ ನಾಲ್ಕು ಸಾಲಿನಲ್ಲಿ ಬರೆದುಬಿಟ್ಟೆ, ಆದರೆ ಆಗ ನನಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ. "ನಿಮ್ಮದು ಯಾರ ಮನೆ?" ಅಂತ ಅಳದಂಗಡಿಯ ಪೇಟೆಯಲ್ಲಿ ಯಾರಾದರೂ ಕೇಳಿದರೆ ನಾನು ಮಾವನ ಹೆಸರು ಹೇಳುತ್ತಿದ್ದೆ. "ಅಪ್ಪ?" ಅಂದರೆ "ಅವರು ಪೊಳಲಿಯವರು" ಅನ್ನುತ್ತಿದ್ದೆ, ನಿನ್ನೆ ಬಂದ ನೆಂಟರ ವಿಷಯ ಹೇಳುವವಳ ಹಾಗೆ.

ನೆಂಟರೇ ಆಗಿದ್ದರು ಒಂದು ಲೆಕ್ಕದಲ್ಲಿ. ಊಟಕ್ಕೆ ಕೂತಾಗ ಅದು ಗೊತ್ತಾಗುತ್ತಿತ್ತು. ಮಾವ ಕಂಬದ ಬುಡದ ಮಣೆಯಲ್ಲಿ ಕೂತು, ಕುಚ್ಚಲಕ್ಕಿ ಅನ್ನಕ್ಕೆ ಹುರುಳಿ ಸಾರು ಸುರಿದುಕೊಂಡು, ಯಾರ ಮುಖವನ್ನೂ ನೋಡದೆ ಉಂಡು ಎದ್ದುಬಿಡುತ್ತಿದ್ದರು. ಅಪ್ಪನಿಗೆ ಮಾತ್ರ ಅಮ್ಮ "ಇನ್ನು ಸ್ವಲ್ಪ ಹಾಕ್ಲಾ? ಬಂಗುಡೆ ಇನ್ನೊಂದು ಉಂಟು" ಅಂತ ಎರಡು ಸಲ ಕೇಳಬೇಕು. ಮದುವೆಯಾಗಿ ಹನ್ನೆರಡು ವರ್ಷವಾದರೂ ಈ ಒತ್ತಾಯ ನಿಂತಿರಲಿಲ್ಲ. ಮನೆಯವರಿಗೆ ಯಾರೂ ಒತ್ತಾಯ ಮಾಡುವುದಿಲ್ಲ. ಅಪ್ಪ ಪ್ರತಿ ಸಲ "ಸಾಕು, ಸಾಕು" ಅನ್ನುತ್ತಿದ್ದರು, ಆಮೇಲೆ ಕೈತೊಳೆಯಲಿಕ್ಕೆ ಹೋಗುವಾಗ ಮೀನಿನ ಮಡಕೆಯ ಕಡೆ ಒಮ್ಮೆ ನೋಡುತ್ತಿದ್ದರು. ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ.

ಅಪ್ಪ ಮೂಡುಬಿದಿರೆಯ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಬೆಳಿಗ್ಗೆ ಬಸ್ಸು ಹತ್ತಿ ವೇಣೂರಿನ ಮೇಲೆ ಹೋಗಿ ಸಂಜೆ ಅದೇ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ಸುತ್ತಿನ ಗಂಡಸರಿಗೆ ಕಬಡ್ಡಿ ಗೊತ್ತು, ವಾಲಿಬಾಲ್ ಗೊತ್ತು. ಬಾಸ್ಕೆಟ್‌ಬಾಲ್ ಅಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಅದೊಂದೇ ಪ್ರಾಣ. ತೆಂಗಿನ ಮರಕ್ಕೆ ರಿಮ್ಮು ಹೊಡೆಯಲಿಕ್ಕೆ ಮಾವನ ಹತ್ತಿರ ಅನುಮತಿ ಕೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮಾವ ಅರ್ಧ ಗಂಟೆ ಮರವನ್ನೇ ನೋಡಿದರು. ಕೊನೆಗೆ, "ಈ ಬುಟ್ಟಿ ಆಟಕ್ಕೆ ಬುಟ್ಟಿಗೆ ಅಡಿ ಇಲ್ಲವಲ್ಲ ಬಾವ, ಹಾಕಿದ್ದು ಕೆಳಗೆ ಬೀಳ್ತದೆ. ಎಂತ ಲಾಭ?" ಎಂದರು. ಆದರೂ ಬೇಡ ಅನ್ನಲಿಲ್ಲ. ನಾನೂ ಪ್ರವೀಣನೂ ಅದಕ್ಕೆ ಚೆಂಡು ಎಸೆದು ಎಸೆದು ತೋಳು ನೋಯಿಸಿಕೊಂಡೆವು. ಪ್ರವೀಣ ಅಂದರೆ ಮಾವನ ಮಗ, ನನಗಿಂತ ಒಂದು ವರ್ಷಕ್ಕೆ ದೊಡ್ಡವ. ಅವನೂ ಅತ್ತೆಯೂ ಇದ್ದದ್ದು ಬಂಟ್ವಾಳದಲ್ಲಿ, ಅತ್ತೆಯ ತಾಯಿಮನೆಯಲ್ಲಿ. ಮಾವ ಶನಿವಾರ ಸಂಜೆ ಬಂಟ್ವಾಳಕ್ಕೆ ಹೋಗಿ ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಪ್ರವೀಣನನ್ನೂ ಕರೆದುಕೊಂಡು ಬರುತ್ತಿದ್ದರು, ಸಂಜೆಯ ಬಸ್ಸಿಗೆ ಅವನನ್ನು ಕಂಡಕ್ಟರನ ವಶಕ್ಕೆ ಕೊಟ್ಟು ಕಳಿಸುತ್ತಿದ್ದರು.

ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಪೂಜೆ ಕೊಡುವ ದಿನ ಮಾತ್ರ ನನ್ನ ಗೊಂದಲ ಹೆಚ್ಚುತ್ತಿತ್ತು. ದೈವದ ಕೋಣೆಯ ಬಾಗಿಲಿನ ಒಳಗೆ ನಿಲ್ಲುವವರು ನಮ್ಮ 'ಬರಿ'ಯವರು, ಅಂದರೆ ತಾಯಿಯಿಂದ ಬಂದ ಒಂದೇ ಕುಲದವರು: ಮಾವ, ಅಮ್ಮ, ನಾನು. ಹೊಸ್ತಿಲಿನ ಹೊರಗೆ ಅಪ್ಪ ಮತ್ತು ಪ್ರವೀಣ. ಅಪ್ಪನದ್ದು ಬೇರೆ ಬರಿ, ಪ್ರವೀಣನದ್ದು ಅತ್ತೆಯ ಬರಿ. ಪ್ರಸಾದ ಕೊಡುವಾಗ ಮಾವ ಮೊದಲು ನನ್ನ ಕೈಗೆ ಹಾಕಿ, ಅಮ್ಮನಿಗೆ ಕೊಟ್ಟು, ಆಮೇಲೆ ಹೊಸ್ತಿಲು ದಾಟಿ ಸ್ವಂತ ಮಗನ ಕೈಗೆ ಹಾಕುತ್ತಿದ್ದರು. ಒಂದು ವರ್ಷ ಪ್ರವೀಣ ನನ್ನ ಕಿವಿಯ ಹತ್ತಿರ ಬಂದು ಕೇಳಿದ.

"ಅವರು ನನ್ನ ಅಪ್ಪನಾ, ನಿನ್ನ ಅಪ್ಪನಾ?"

"ನಿನ್ನ ಅಪ್ಪ. ಆದ್ರೆ ನನ್ನ ಮಾವ ಅಲ್ವಾ."

"ಮಾವ ದೊಡ್ಡದಾ, ಅಪ್ಪ ದೊಡ್ಡದಾ?"

ನಾನು ನನ್ನ ಪ್ರಸಾದದ ಬಾಳೆಹಣ್ಣಿನಲ್ಲಿ ಅರ್ಧ ಮುರಿದು ಅವನಿಗೆ ಕೊಟ್ಟೆ. ಅದು ಹೊಸ್ತಿಲಿನ ಮೇಲೆ ಕೈಚಾಚಿ ಕೊಟ್ಟದ್ದಾದ್ದರಿಂದ ಅಮ್ಮ ನನ್ನ ಬೆನ್ನಿಗೆ ಒಂದು ಕೊಟ್ಟಳು.

ಸ್ಪೇನಿನ ಪುಸ್ತಕ ಬಂದದ್ದು ಇಂಥ ಮನೆಗೆ. ಮೂಡುಬಿದಿರೆಯ ಇಗರ್ಜಿಯೊಂದರಲ್ಲಿದ್ದ ಫಾದರ್ ಒಬ್ಬರು ಹಿಂದೆ ಸ್ಪೇನಿನಲ್ಲಿ ಓದಿದವರು, ಶನಿವಾರ ಅಪ್ಪನ ಜೊತೆ ಶಾಲೆಯ ಮೈದಾನದಲ್ಲಿ ಲುಂಗಿ ಎತ್ತಿ ಕಟ್ಟಿ ಆಡುತ್ತಿದ್ದರಂತೆ. ಅವರಿಗೆ ಎಲ್ಲಿಗೋ ದೂರಕ್ಕೆ ವರ್ಗವಾಯಿತು. ಹೋಗುವಾಗ ಅಪ್ಪನಿಗೆ ಅಂತ ಒಂದು ಕಟ್ಟು ಬಸ್ಸಿನಲ್ಲಿ ಕಳಿಸಿದರು. ಅಪ್ಪ ಶಾಲೆಯ ಮಕ್ಕಳನ್ನು ಕರೆದುಕೊಂಡು ಪಂದ್ಯಕ್ಕೆ ಹೋಗಿದ್ದರು, ಬರುವುದು ನಾಲ್ಕು ದಿನದ ಮೇಲೆ. ಕಂಡಕ್ಟರು ಕಟ್ಟನ್ನು ನನ್ನ ಕೈಗೆ ಕೊಟ್ಟ. ಬಿಚ್ಚಿದೆ. ಒಂದು ದಪ್ಪ ನಿಘಂಟು, ಪತ್ರಿಕೆಯನ್ನು ಮಡಚಿದಷ್ಟು ದೊಡ್ಡದಾದ ಎರಡು ಪುಸ್ತಕ. ಹಾಳೆ ಎಂಥ ಹಾಳೆ! ಹೊಳೆಯುವ ಹಾಳೆ, ಕೈಯಿಟ್ಟರೆ ಜಾರುತ್ತದೆ. ಶಾಲೆ ಶುರುವಾಗಿ ಎರಡು ದಿನವಾಗಿತ್ತು. ನನ್ನ ತರಗತಿಯಲ್ಲಿ ಎಲ್ಲರೂ ಪುಸ್ತಕಗಳಿಗೆ ಹಳೆಯ ಕ್ಯಾಲೆಂಡರಿನ ಬೈಂಡು ಹಾಕಿಕೊಂಡು ಬಂದಿದ್ದರು, ನಮ್ಮ ಮನೆಯ ಕ್ಯಾಲೆಂಡರಿನ ಮೇಲೆ ಮಾವ ಹಾಲು ಮತ್ತು ಕೆಲಸದವರ ಗುರುತು ಹಾಕಿದ್ದರಿಂದ ಅದನ್ನು ಮುಟ್ಟುವ ಹಾಗಿರಲಿಲ್ಲ. ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಒಂದು ಪುಸ್ತಕದ ಹಿಂದಿನ ಅರ್ಧವನ್ನೂ ಇನ್ನೊಂದರ ಮುಂದಿನ ಅರ್ಧವನ್ನೂ ಒಂದೊಂದೇ ಹಾಳೆ ಕಿತ್ತು, ಅನ್ನದ ಅಗುಳು ಹಚ್ಚಿ, ನನ್ನ ಕಾಪಿ ಪುಸ್ತಕ, ಮಗ್ಗಿ ಪುಸ್ತಕ ಎಲ್ಲಕ್ಕೂ ಬೈಂಡು ಹಾಕಿದೆ. ಟೀಚರು ಬೈಯದ ಹಾಗೆ ಚಿತ್ರದ ಮುಖ ಒಳಗೆ.

ಮೂರನೆಯ ದಿನ ಅಮ್ಮ ಕೇಳಿದಳು, "ಫಾದರ್ ಅಪ್ಪನಿಗೆ ಎಂತದೋ ಪುಸ್ತಕ ಕಳಿಸಿದ್ದಾರಂತೆ, ಬಂತಾ?" ನಾನು "ಬಂತು" ಅಂದು ಶಾಲೆಯ ಚೀಲವನ್ನು ಬಾಗಿಲ ಹಿಂದೆ ಸರಿಸಿದೆ. ಅಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಉಳಿದ ಹಾಳೆಗಳನ್ನು ಚಾವಡಿಯಲ್ಲಿ ಹರಡಿದೆ. ಒಂದರಲ್ಲಿ ಮೂವತ್ತೆರಡರವರೆಗೆ ಪುಟ ಇತ್ತು. ಇನ್ನೊಂದರಲ್ಲಿ ಮೂವತ್ತಮೂರರಿಂದ ಮುಂದೆ. ದೇವರೇ ಕೈಹಿಡಿದ ಅಂದುಕೊಂಡೆ. ಒಂದರ ಬೆನ್ನಿಗೆ ಇನ್ನೊಂದನ್ನು ಇಟ್ಟು ಗೋಣಿ ಹೊಲಿಯುವ ದಬ್ಬಣದಿಂದ ಹೊಲಿದೆ. ಹೆಚ್ಚಾಗಿ ಉಳಿದ ರಟ್ಟನ್ನೂ ಪುಸ್ತಕಗಳಿಂದ ಬಿಚ್ಚಿದ ಬೈಂಡಿನ ಹಾಳೆಗಳನ್ನೂ ಬಚ್ಚಲ ಒಲೆಗೆ ಹಾಕಿದೆ. ಕಾಪಿ ಪುಸ್ತಕದ ಬೈಂಡು ಮಾತ್ರ ಚೆನ್ನಾಗಿ ಕೂತಿತ್ತು. ಆಸೆಯಾಯಿತು, ಅದೊಂದನ್ನು ಹಾಗೇ ಬಿಟ್ಟೆ.

ಅಪ್ಪ ಬಂದರು. ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಫಾದರ್ ಎಷ್ಟು ಗಟ್ಟಿಯಾಗಿ ಹೊಲಿಸಿದ್ದಾರೆ ನೋಡು" ಅಂತ ಅಮ್ಮನಿಗೆ ತೋರಿಸಿದರು. ಅದು ಸ್ಪೇನಿನ ಒಂದು ಬಾಸ್ಕೆಟ್‌ಬಾಲ್ ಕ್ಲಬ್ಬಿನ ಚರಿತ್ರೆ, ಹಣಕ್ಕೆ ಆಡುವ ದೊಡ್ಡವರ ಕ್ಲಬ್ಬು ಎಂದು ಅವರಿಗೆ ಮೊದಲ ಪುಟದಿಂದಲೇ ಗೊತ್ತಾಯಿತು. ಅದನ್ನು ಕನ್ನಡದಲ್ಲಿ ಬರೆಯಬೇಕೆಂದು ಹೊರಟರು. ಸ್ಪ್ಯಾನಿಷ್ ಶಬ್ದಕ್ಕೆ ಫಾದರ್ ಕೊಟ್ಟ ನಿಘಂಟಿನಲ್ಲಿ ಇಂಗ್ಲಿಷ್ ಹುಡುಕುವುದು, ಆ ಇಂಗ್ಲಿಷಿಗೆ ಶಾಲೆಯಿಂದ ತಂದ ನಿಘಂಟಿನಲ್ಲಿ ಕನ್ನಡ ಹುಡುಕುವುದು. ಒಂದು ವಾಕ್ಯಕ್ಕೆ ಒಂದು ಸಂಜೆ. ಇನ್ನೂರು ಪುಟದ ನೋಟ್ ಪುಸ್ತಕದಲ್ಲಿ, ಶಾಲೆಯ ಹಾಜರಿ ಬರೆಯುವ ದುಂಡು ಅಕ್ಷರದಲ್ಲಿ, ವಾರಕ್ಕೆ ಒಂದು ಪುಟ ತಯಾರಾಗುತ್ತಿತ್ತು. ಭಾನುವಾರ ಕೋಳಿ ಸಾರು, ರೊಟ್ಟಿಯ ಊಟ ಮುಗಿದ ಮೇಲೆ ಚಾವಡಿಯಲ್ಲಿ ಅದನ್ನು ಓದುತ್ತಿದ್ದರು. ಮನೆಯ ಮಾತು ತುಳುವಾದರೂ ಓದು ಮಾತ್ರ ಕನ್ನಡದಲ್ಲಿ, ಮತ್ತು ಆ ಹೊತ್ತಿನಲ್ಲಿ ನಾವೆಲ್ಲ ಮಾತಾಡುವುದೂ ಶಾಲೆಗೆ ಹೋದವರ ಹಾಗೆ ಕನ್ನಡದಲ್ಲೇ.

ಮೊದಲ ಕೆಲವು ವಾರ ಮಾವ ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಮಲಗಿರುತ್ತಿದ್ದರು. ಎಚ್ಚರವಾದದ್ದು ದೋನ್ ಎವಾರಿಸ್ತೋ ಬಂದಾಗ. ಕ್ಲಬ್ಬು ಕಟ್ಟಿದ ಮನುಷ್ಯ ಅವನು, ದೋನ್ ಅಂದರೆ ಅಲ್ಲಿ ದೊಡ್ಡವರಿಗೆ ಮರ್ಯಾದೆಯ ಮಾತು. ಮೊಳೆ, ಬೀಗ, ತಿರುಗಣೆ ಮಾರುವ ಅಂಗಡಿಯವ. ಇಗರ್ಜಿಯ ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಕಂಬಕ್ಕೆ ತನ್ನ ಕೈಯಾರೆ ಹಲಗೆ ಹೊಡೆದು ಹುಡುಗರಿಗೆ ಆಟ ಶುರುಮಾಡಿದ. ಎಲ್ಲರಿಗೂ ಹಸಿರು ಅಂಗಿ, ಯಾಕೆಂದರೆ ಅಂಗಡಿಯಲ್ಲಿ ಹಸಿರು ಬಣ್ಣದ ಡಬ್ಬ ಮಾರಾಟವಾಗದೆ ಉಳಿದಿತ್ತು, ಹಲಗೆಗೆ ಅದನ್ನೇ ಬಳಿದು ಬಟ್ಟೆಯನ್ನು ಅದಕ್ಕೆ ಸರಿಹೊಂದಿಸಿದರು. ವರ್ಷದಿಂದ ವರ್ಷಕ್ಕೆ ಮೇಲೆ ಬಂದು ದೊಡ್ಡ ಲೀಗಿಗೆ ಹತ್ತಿದರು. ಆಗಲೂ ಅವನು ಅಂಕಣದ ಬದಿಯಲ್ಲಿ ಕಬ್ಬಿಣದ ಕುರ್ಚಿಯಲ್ಲಿ ಕೂತು, ಆಟ ಮುಗಿದ ಮೇಲೆ ತಾನೇ ಬೀಗ ಹಾಕಿ ಹೋಗುತ್ತಿದ್ದ. ಬೀಗದ ಕೈಯ ಮಾತು ಬಂದಾಗ ಮಾವ ಎದ್ದು ಕೂತರು.

"ಯಜಮಾನ ಅಂದ್ರೆ ಅವ," ಎಂದರು. "ಬೀಗದ ಕೈ ಬೇರೆಯವರ ಕೈಗೆ ಕೊಡುವವ ಅಲ್ಲ. ಬಾವ, ಅವನಿಗೆ ಪ್ರಾಯ ಎಷ್ಟಾಯ್ತು ಈಗ?"

"ಫೋಟೋದಲ್ಲಿ ಎಪ್ಪತ್ತರ ಹತ್ತಿರ ಕಾಣ್ತದೆ."

"ಮತ್ತೆ? ಮುಂದೆ ಯಾರು?"

ಆ ಭಾನುವಾರದಿಂದ ಮಾವ ಎವಾರಿಸ್ತೋನಿಗಾಗಿ ಕಾಯತೊಡಗಿದರು. ಅಪ್ಪನನ್ನು ವಾರದ ನಡುವೆಯೇ ಕರೆದು, "ಎಷ್ಟಾಯ್ತು ಬಾವ, ಬೇಗ ಬರೀರಿ ಮಾರಾಯ್ರೆ" ಎನ್ನುತ್ತಿದ್ದರು. ಒಂದು ದಿನ ಊಟದ ಹೊತ್ತಿಗೆ ಕಂಬದ ಬುಡದಲ್ಲಿ ಇನ್ನೊಂದು ಮಣೆ ಹಾಕಿಸಿದರು, ಅಪ್ಪನಿಗೆ. ಅಮ್ಮ ಅಂದು ಬಂಗುಡೆ ಇನ್ನೊಂದು ಬೇಕೇ ಅಂತ ಕೇಳಲಿಲ್ಲ, ಕೇಳದೆ ಹಾಕಿದಳು. ಅಪ್ಪ ತಲೆತಗ್ಗಿಸಿ ಉಂಡರು. ನನಗೆ ಅಷ್ಟು ಸಂತೋಷವಾದ ದಿನ ಇನ್ನೊಂದು ನೆನಪಿಲ್ಲ.

ಆಮೇಲೆ ಬಂತು ಮೂವತ್ತಮೂರನೆಯ ಪುಟ. ಅಂಗಿ ಕೆಂಪಾಗಿತ್ತು. ಊರು ಬೇರೆ, ಕ್ರೀಡಾಂಗಣ ಹತ್ತು ಪಾಲು ದೊಡ್ಡದು, ಕ್ಲಬ್ಬಿನ ಹೆಸರೇ ಬೇರೆ. ಅಧ್ಯಕ್ಷನ ಕುರ್ಚಿಯಲ್ಲಿ ತೋಮಾಸ್ ಅನ್ನುವ ಒಬ್ಬ ಯುವಕ. ಅಪ್ಪ ಎರಡು ವಾರ ಪೆನ್ನು ಮುಟ್ಟಲಿಲ್ಲ. ನಾನು ಜ್ವರ ಬಂದವಳ ಹಾಗೆ ಓಡಾಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ನನ್ನನ್ನು ನೋಡಿಯೇ ಮಾಡಿದ್ದಿರಬೇಕು. ಅಪ್ಪ ಪುಸ್ತಕದ ಬೆನ್ನನ್ನು ತಿರುಗಿಸಿದಾಗಲೆಲ್ಲ ನನ್ನ ಕೈ ತಾನಾಗಿ ಶಾಲೆಯ ಚೀಲದ ಮೇಲೆ ಹೋಗುತ್ತಿತ್ತು. ಫಾದರಿಗೆ ಎರಡು ಕಾಗದ ಹೋದವು, ಉತ್ತರ ಬರಲಿಲ್ಲ. ಮೂರನೆಯ ಭಾನುವಾರ ಅಪ್ಪ ಮುಖ ಅರಳಿಸಿಕೊಂಡು ಚಾವಡಿಗೆ ಬಂದರು.

"ಸಿಕ್ಕಿತು ಬಾವ. ಹೆಸರು ಬದಲಾದ್ದಕ್ಕೆ ತಲೆಕೆಡಿಸಬೇಕಾದ್ದಿಲ್ಲ. ಅಲ್ಲಿ ಹಣ ಹಾಕುವ ಕಂಪನಿಯ ಹೆಸರನ್ನೇ ಕ್ಲಬ್ಬಿಗೆ ಇಡ್ತಾರೆ, ಕಂಪನಿ ಬದಲಾದರೆ ಹೆಸರೂ ಬದಲು, ಅಂಗಿಯೂ ಬದಲು, ಕೆಲವೊಮ್ಮೆ ಊರೂ ಬದಲು. ಮುಖ್ಯ ಸಂಗತಿ ಬೇರೆ ಉಂಟು. ಸ್ಪೇನಿನವರು ಹೆಸರಿನ ಕೊನೆಯಲ್ಲಿ ತಾಯಿ ಕಡೆಯ ಹೆಸರು ಇಟ್ಟುಕೊಳ್ತಾರೆ. ನಿಘಂಟಿನ ಹಿಂದೆ ಕೊಟ್ಟಿದ್ದಾರೆ. ಎವಾರಿಸ್ತೋನ ಕೊನೆಯ ಹೆಸರು ಗಾರ್ಸಿಯಾ. ಈ ತೋಮಾಸನ ಕೊನೆಯ ಹೆಸರೂ ಗಾರ್ಸಿಯಾ."

ಮಾವ ನಿಧಾನವಾಗಿ ಹೇಳಿದರು, "ಅಂದ್ರೆ ಒಂದೇ ಬರಿ."

"ಒಂದೇ ಬರಿ. ಪ್ರಾಯದಲ್ಲಿ ನಲವತ್ತು ವರ್ಷ ಹೆಚ್ಚುಕಡಿಮೆ. ಅಣ್ಣತಮ್ಮ ಆಗ್ಲಿಕ್ಕಿಲ್ಲ."

"ಅಳಿಯ!" ಮಾವ ಆರಾಮ ಕುರ್ಚಿಯ ಕೈಗೆ ಹೊಡೆದರು. "ಕ್ಲಬ್ಬು ಅಳಿಯನಿಗೆ ಹೋಯ್ತು! ನೋಡು ತಂಗೀ, ಸ್ಪೇನಿನಲ್ಲೂ ಉಂಟು!"

ಗಾರ್ಸಿಯಾ ಎಂಬುದು ಅಲ್ಲಿ ನಮ್ಮ ಕಡೆ ಶೆಟ್ಟಿ ಇದ್ದ ಹಾಗೆ, ಬಸ್ಸಿನಲ್ಲಿ ಹಿಂದೆ ತಿರುಗಿ ಕೂಗಿದರೆ ನಾಲ್ಕು ಜನ ಓಗೊಡುತ್ತಾರೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ತಾಯಿ ಕಡೆಯ ಹೆಸರೂ ನಿಜದಲ್ಲಿ ತಾಯಿಯ ಅಪ್ಪನಿಂದ ಬರುವುದಂತೆ, ನಮ್ಮ ಬರಿಯ ಹಾಗೆ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯುವುದಲ್ಲವಂತೆ. ಆದರೆ ಅಂದು ಚಾವಡಿಯಲ್ಲಿದ್ದ ಯಾರಿಗೂ ಅದು ಹೊಳೆಯಲು ಸಾಧ್ಯವಿರಲಿಲ್ಲ. ನಮಗೆ ಗೊತ್ತಿದ್ದ ಒಂದೇ ಲೋಕದಲ್ಲಿ ಮನೆ ನಡೆಯುತ್ತಿದ್ದದ್ದು ಹಾಗೆ. ಅಪ್ಪ ನೋಟ್ ಪುಸ್ತಕದಲ್ಲಿ "ಹೀಗೆ ಕ್ಲಬ್ಬಿನ ಆಡಳಿತವು ಸೋದರಳಿಯನಿಗೆ ಸಂದಿತು" ಎಂದು ಬರೆದು ಅಡಿಗೆರೆ ಎಳೆದರು. ಎರಡು ಕ್ಲಬ್ಬಿನ ನಡುವೆ ಗೋಣಿದಾರದಿಂದ ಹೊಲಿಗೆ ಹಾಕಿದವಳು ನಾನು ಅಂತ ಹೇಳಬೇಕಿದ್ದದ್ದು ಆಗ. ಬಾಯಿ ತೆರೆದೆ ಕೂಡ. ಅಪ್ಪ ಹೊಸ ಮಣೆಯ ಮೇಲೆ ಕೂತಿದ್ದರು. ಬಾಯಿ ಮುಚ್ಚಿಕೊಂಡೆ.

ಮನೆಯಲ್ಲಿ ಇನ್ನೊಂದು ಮಾತು ಆಗಲೇ ನಡೆಯುತ್ತಿತ್ತು, ನನಗೆ ಅರ್ಧ ಮಾತ್ರ ಅರ್ಥವಾಗುತ್ತಿತ್ತು. ಕಾನೂನು ಬದಲಾಗಿ ಯಜಮಾನನೂ ತನ್ನ ಪಾಲನ್ನು ಹೆಂಡತಿ ಮಕ್ಕಳಿಗೆ ಬರೆದು ಕೊಡಬಹುದಂತೆ. ಬೆಳ್ತಂಗಡಿಯ ಕಚೇರಿಯಲ್ಲಿ ಕಾಗದ ಮಾಡಿಸಿದರೆ ಆಯಿತಂತೆ. ಮಾವ ಬಂಟ್ವಾಳದಿಂದ ಬಂದ ಭಾನುವಾರಗಳಲ್ಲಿ ಮಂಕಾಗಿರುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನ ಹತ್ತಿರ, "ಅವನೂ ನನ್ನ ರಕ್ತವೇ ಅಲ್ವಾ ತಂಗೀ, ಅರ್ಧ ಮನೆಯಾದ್ರೂ..." ಅಂದದ್ದನ್ನು ನಾನು ಕೇಳಿದ್ದೆ. ಅಮ್ಮ "ನೀವು ಹೇಳಿದ ಹಾಗೆ ಅಣ್ಣ" ಅಂದು ತೆಂಗಿನಕಾಯಿ ತುರಿಯುವುದನ್ನು ಮುಂದುವರಿಸಿದ್ದಳು. ಅರ್ಧ ಮನೆ ಅಂದರೆ ನನ್ನ ತಲೆಯಲ್ಲಿ ಪ್ರವೀಣ ದಿನಾ ಇಲ್ಲೇ ಇರುತ್ತಾನೆ ಎಂದಾಗಿತ್ತು. ಯಾವ ಅರ್ಧದಲ್ಲಿ ರಿಮ್ಮು ಬರುತ್ತದೆ ಎಂಬುದೊಂದೇ ನನ್ನ ಚಿಂತೆ.

ಮಾವ ಬಂಟ್ವಾಳಕ್ಕೆ ಹೋಗದೆ ಉಳಿದ ಒಂದು ಭಾನುವಾರ ಅತ್ತೆ ತಾವೇ ಪ್ರವೀಣನನ್ನು ಕರೆದುಕೊಂಡು ಬಂದರು. ಹಾಗೆ ಅವರು ಬರುವವರಲ್ಲ. ಅಮ್ಮ ಗಡಿಬಿಡಿಯಲ್ಲಿ ಎರಡು ಎಲೆ ಹೆಚ್ಚು ಹಾಕಿದಳು. ಪ್ರವೀಣ ಸೀದಾ ಅಂಗಳಕ್ಕೆ ಹೋಗಿ ಚೆಂಡು ಎಸೆಯತೊಡಗಿದ. ಅತ್ತೆ ಚಾವಡಿಯಲ್ಲಿ ನಿಂತೇ ಮಾತಾಡಿದರು.

"ಊಟ ಮತ್ತೆ ಮಾಡುವ. ಒಂದು ಮಾತು ಕೇಳ್ಲಿಕ್ಕೆ ಬಂದದ್ದು ನಾನು. ನಿಮ್ಮ ಪಾಲು ಪ್ರವೀಣನಿಗೆ ಬರೀತೀರಾ, ಇಲ್ವಾ?"

"ರಬ್ಬರ್ ತೋಟ ಅವನಿಗೇ ಅಂತ ಹೇಳಿದ್ದೇನಲ್ಲ."

"ತೋಟ ಅಲ್ಲ, ಮನೆ. ಅವ ದೊಡ್ಡವನಾದ ಮೇಲೆ ತಂದೆಯ ಮನೆ ಯಾವುದು ಅಂತ ಕೇಳಿದ್ರೆ ರಬ್ಬರ್ ಮರ ತೋರಿಸ್ಬೇಕಾ?"

ಮಾವನ ಕಣ್ಣು ಅಂಗಳದ ಕಡೆ ಹೋಯಿತು. ಚೆಂಡು ರಿಮ್ಮಿಗೆ ಬಡಿದು ಕೆಳಗೆ ಬೀಳುವ ಸದ್ದು ಬರುತ್ತಿತ್ತು. ಅವರು ಒಪ್ಪುತ್ತಾರೆ ಅಂತ ನನಗೆ ಆ ಕ್ಷಣದಲ್ಲಿ ಖಂಡಿತವಾಗಿ ಅನಿಸಿತ್ತು. ಅಷ್ಟರಲ್ಲಿ ಅತ್ತೆ ಒಂದು ಮಾತು ಹೆಚ್ಚು ಆಡಿದರು.

"ಈ ಅಳಿಯಸಂತಾನ ಎಲ್ಲ ನಮ್ಮ ಈ ಮೂಲೆಯ ಹುಚ್ಚು. ಲೋಕದಲ್ಲಿ ಬೇರೆ ಎಲ್ಲಿ ಉಂಟು, ಹೇಳಿ ನೋಡುವ?"

ಮಾವನ ಬೆನ್ನು ನೆಟ್ಟಗಾಯಿತು. "ಬಾವ, ಪುಸ್ತಕ ತನ್ನಿ," ಎಂದರು.

ಅಪ್ಪ ಕೂಡಲೇ ಏಳಲಿಲ್ಲ. ಗೋಡೆಗೂಡಿನ ಹತ್ತಿರ ಹೋದವರು ಒಮ್ಮೆ ತಿರುಗಿ ನನ್ನನ್ನು ನೋಡಿದರು. ಆ ನೋಟವನ್ನು ನಾನು ನಲವತ್ತು ವರ್ಷದಿಂದ ಬಿಡಿಸುತ್ತಿದ್ದೇನೆ, ಇನ್ನೂ ಬಿಡಿಸಲಿಕ್ಕಾಗಿಲ್ಲ. ಆಮೇಲೆ ನೋಟ್ ಪುಸ್ತಕ ತೆಗೆದು ಅಡಿಗೆರೆ ಎಳೆದ ಸಾಲನ್ನು ಓದಿದರು. ಸ್ವರ ಸಣ್ಣದಾಗಿತ್ತು. ಅತ್ತೆ ನಗಲಿಲ್ಲ, ಅದೇ ಭಯ ಹುಟ್ಟಿಸಿತು.

"ಚೆಂಡಾಟದ ಪುಸ್ತಕ ನೋಡಿ ಮಗನನ್ನು ಬಿಡುವವರು ನೀವೊಬ್ಬರೇ," ಎಂದರು. "ಸಂತೋಷ. ಪ್ರವೀಣಾ, ಬಾ, ಹೋಗುವ."

"ಊಟ, ಅಮ್ಮ?"

"ಬಾ ಅಂದೆ."

ಹಾಕಿದ ಎಲೆಯ ಮುಂದೆ ಕೂರದೆ ಎದ್ದುಹೋಗುವುದೆಂದರೆ ನಮ್ಮಲ್ಲಿ ಸಂಬಂಧವನ್ನೇ ಮಡಚಿಟ್ಟ ಹಾಗೆ. ಅಮ್ಮ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಪ್ರವೀಣ ಚೆಂಡನ್ನು ನನ್ನ ಕಡೆ ಎಸೆದು ಹೋದ. ನಾನು ಹಿಡಿಯಲಿಲ್ಲ, ಅದು ಉರುಳಿ ಬಾವಿಕಟ್ಟೆಯವರೆಗೆ ಹೋಯಿತು. ಗೇಟಿನವರೆಗೆ ಓಡಿ, "ಅತ್ತೇ, ಅದು ಸುಳ್ಳು, ಪುಟ ಹರಿದದ್ದು ನಾನು" ಅಂತ ಕೂಗಬಹುದಿತ್ತು. ಬಸ್ಸು ಬರಲಿಕ್ಕೆ ಇನ್ನೂ ಕಾಲು ಗಂಟೆ ಇತ್ತು, ಹೊತ್ತು ಸಾಲದೆ ಹೋಯಿತು ಎನ್ನುವ ಹಾಗೂ ಇಲ್ಲ. ನಾನು ಕಂಬ ಹಿಡಿದು ನಿಂತೆ. ಮನೆ ನನಗೆ ಬೇಕಿತ್ತಾ? ಅಪ್ಪನ ಮಣೆ ಉಳಿಯಬೇಕಿತ್ತಾ? ಪೆಟ್ಟು ತಿನ್ನುವ ಹೆದರಿಕೆಯಾ? ಹತ್ತು ವರ್ಷದ ಹುಡುಗಿಯ ಮನಸ್ಸನ್ನು ಈಗ ಎಷ್ಟು ಕೆದಕಿದರೂ ಮೂರೂ ಒಟ್ಟಿಗೇ ಬರುತ್ತವೆ.

ಮಾವ ಮುಂದಿನ ಶನಿವಾರ ಬಂಟ್ವಾಳಕ್ಕೆ ಹೋದರು, ಅಂದೇ ರಾತ್ರಿ ತಿರುಗಿ ಬಂದರು. ಅದರ ಮುಂದಿನ ಶನಿವಾರ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತವರು ಹಾಗೇ ಅಂಗಿ ಬಿಚ್ಚಿದರು. ಮನೆ ಅಮ್ಮನ ಹೆಸರಿಗೆ, ಅಮ್ಮನ ನಂತರ ನನ್ನ ಹೆಸರಿಗೆ ಆಯಿತು. ಅಪ್ಪ ಕೆಂಪು ಅಂಗಿಯವರ ಕಥೆಯನ್ನು ಇನ್ನು ನಾಲ್ಕು ಭಾನುವಾರ ಓದಿ ನಿಲ್ಲಿಸಿದರು. ಒಂದು ಅಂಕದಲ್ಲಿ ಸೋತ ಫೈನಲಿನ ಅರ್ಧದಲ್ಲಿ ಕಥೆ ನಿಂತಿದೆ. ಯಾರೂ ಮುಂದೆ ಎಂತಾಯಿತು ಅಂತ ಕೇಳಲಿಲ್ಲ. ಅತ್ತೆ ತೀರಿಹೋದಾಗ ಮಾವ ಬಂಟ್ವಾಳದ ಆ ಮನೆಯ ಅಂಗಳದಲ್ಲಿ ನೆಂಟರ ನಡುವೆ ನಿಂತು, ನೀರು ಸಹ ಕುಡಿಯದೆ ಬಂದರು. ಪ್ರವೀಣ ಈಗ ಅಲ್ಲೇ ಪೇಟೆಯಲ್ಲಿ ಹೋಟೆಲು ನಡೆಸುತ್ತಾನೆ. ಮದುವೆ ಮನೆಗಳಲ್ಲಿ ಸಿಕ್ಕಿದರೆ "ಹೇಗಿದ್ದೀ ಸುಮಾ?" ಅನ್ನುತ್ತಾನೆ, "ಅಪ್ಪ ಹೇಗಿದ್ದಾರೆ?" ಅನ್ನುವುದಿಲ್ಲ. ನಾನು ಬೆಳ್ತಂಗಡಿಯಲ್ಲಿ ಟೀಚರಾಗಿ, ಮದುವೆಯಾಗಿ, ಅದೇ ಮನೆಯಲ್ಲಿ ಇದ್ದೇನೆ. ನನ್ನ ಗಂಡನಿಗೆ ಮೀನು ಬಡಿಸುವಾಗ ಒಂದು ಸಲವೂ ಕೇಳುವುದಿಲ್ಲ, ಹಾಕಿಬಿಡುತ್ತೇನೆ.

ಅಮ್ಮ ಮೊದಲು ಹೋದಳು, ಹೋದ ವರ್ಷ ಅಪ್ಪ ಹೋದರು. ಅವರ ತಗಡಿನ ಪೆಟ್ಟಿಗೆಯಲ್ಲಿ ಸೀಟಿಗಳು, ಪಂದ್ಯದ ಪ್ರಶಸ್ತಿಪತ್ರಗಳು, ನೋಟ್ ಪುಸ್ತಕ. ಎಲ್ಲಕ್ಕಿಂತ ಅಡಿಯಲ್ಲಿ ನನ್ನ ಕಾಪಿ ಪುಸ್ತಕ. ಹೊಳೆಯುವ ಬೈಂಡು ಬಿಚ್ಚಿ, ಮಡಿಕೆ ತೀಡಿ, ಒಳಗೆ ಇಟ್ಟಿದ್ದರು. ಅರವತ್ತನಾಲ್ಕನೆಯ ಪುಟ, ನಾನು ಹರಿದ ಹಸಿರು ಅಂಗಿಯವರ ಪುಸ್ತಕದ ಕೊನೆಯದ್ದು. ಕಬ್ಬಿಣದ ಕುರ್ಚಿಯ ಪಕ್ಕದಲ್ಲಿ ಎವಾರಿಸ್ತೋ ನಿಂತ ಚಿತ್ರ. ಪ್ರತಿ ಸ್ಪ್ಯಾನಿಷ್ ಶಬ್ದದ ಕೆಳಗೆ ಅಪ್ಪನ ಪೆನ್ಸಿಲಿನಲ್ಲಿ ಕನ್ನಡದ ಅರ್ಥ. ಅಂದರೆ ಅಪ್ಪನಿಗೆ ಗೊತ್ತಿತ್ತು. ಆದರೆ ಯಾವಾಗಿನಿಂದ? ಅತ್ತೆ ಬಂದ ಭಾನುವಾರಕ್ಕಿಂತ ಮೊದಲೋ, ನಾನು ಶಾಲೆ ಬಿಟ್ಟ ಮೇಲೆ ಹಳೆಯ ಪುಸ್ತಕ ವಿಲೇವಾರಿ ಮಾಡುವಾಗಲೋ? ಮೊದಲೇ ಆಗಿದ್ದರೆ, ಆ ಸಣ್ಣ ಸ್ವರದಲ್ಲಿ ಓದಿದ್ದು ಯಾರನ್ನು ಉಳಿಸಲಿಕ್ಕೆ, ನನ್ನನ್ನೋ, ಮಣೆಯನ್ನೋ? ಪೆನ್ಸಿಲಿನ ಗುರುತು ತಾರೀಕು ಹೇಳುವುದಿಲ್ಲ. ನಾನು ಪುಟದ ಫೋಟೋ ಹಿಡಿದು ಫೋನಿನಲ್ಲಿ ಅನುವಾದ ಮಾಡಿಸಿ ನೋಡಿದೆ. ಕ್ಷಣದಲ್ಲಿ ಕನ್ನಡ ಬಂತು. ಅಪ್ಪನದ್ದೇ ಹೆಚ್ಚು ಸರಿ ಇತ್ತು.

ಮಾವನಿಗೆ ಈಗ ತೊಂಬತ್ತರ ಹತ್ತಿರ. ಕಣ್ಣು ಮಂಜು, ಕಿವಿ ಚುರುಕು. ಬೆಳಿಗ್ಗೆ ಹತ್ತು ಗಂಟೆಗೆ ಗಂಜಿ ಉಂಡು ಜಗಲಿಯಲ್ಲಿ ಅದೇ ಆರಾಮ ಕುರ್ಚಿಯಲ್ಲಿ ಕೂತಿದ್ದರು. ನಾನು ಹೊಲಿದ ಪುಸ್ತಕವನ್ನೂ ಈ ಹಾಳೆಯನ್ನೂ ತಂದು ಅವರ ಕಾಲಬುಡದಲ್ಲಿ ಕೂತೆ. ಬೈಂಡಿನಿಂದ ಹಿಡಿದು ಬಚ್ಚಲ ಒಲೆಯವರೆಗೆ ಎಲ್ಲ ಹೇಳಿದೆ. ಎರಡು ಬೇರೆ ಬೇರೆ ಕ್ಲಬ್ಬು, ಮಾವ. ತೋಮಾಸ್ ಎವಾರಿಸ್ತೋನಿಗೆ ಯಾರೂ ಅಲ್ಲ. ಸ್ಪೇನಿನಲ್ಲಿ ಅಳಿಯಸಂತಾನ ಇಲ್ಲ. ಪ್ರವೀಣನಿಗೆ ಅನ್ಯಾಯ ಆದದ್ದು ನನ್ನಿಂದ. ಹೇಳುತ್ತ ಹೇಳುತ್ತ ಅಳು ಬಂತು, ಈ ಪ್ರಾಯದಲ್ಲಿ ನಾಚಿಕೆಯೂ ಆಯಿತು. ಮಾವ ಎಲ್ಲ ಕೇಳಿ ಕೈಚಾಚಿ ಪುಸ್ತಕದ ಬೆನ್ನಿನ ಹೊಲಿಗೆಯನ್ನು ಬೆರಳಿನಿಂದ ತಡವಿದರು. ಬೈಯುತ್ತಾರೆ ಅಂದುಕೊಂಡೆ, ಬೈದರೆ ಒಳ್ಳೆಯದಿತ್ತು.

"ಹಾಗಾದ್ರೆ ಹಸಿರು ಅಂಗಿಯವರು ಎಂತ ಆದ್ರು?" ಎಂದರು.

ಅಪ್ಪನ ಪೆನ್ಸಿಲಿನ ಕನ್ನಡವನ್ನು ಓದಿದೆ. "ನಡೆಸುವವರು ಸಿಗಲಿಲ್ಲ. ಕೊನೆಯ ಆಟದ ಸಂಜೆ ದೋನ್ ಎವಾರಿಸ್ತೋ ತಾನೇ ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಇಗರ್ಜಿಗೆ ಒಪ್ಪಿಸಿದನು. ಹಸಿರು ಅಂಗಿಯ ಕ್ಲಬ್ಬು ಅಲ್ಲಿಗೆ ಮುಗಿಯಿತು."

"ಪಾಪ," ಎಂದರು ಮಾವ. "ಅವನಿಗೆ ಸೊಸೆ ಇರ್ಲಿಲ್ಲ ಕಾಣ್ತದೆ."

ಅವರ ಕೈ ನನ್ನ ತಲೆಯ ಮೇಲೆ ಬಂತು. ನಾನು ಹರಿದ ಪುಟ, ಸುಟ್ಟ ಪುಟ, ಎಲ್ಲವೂ ಆ ಒಂದು ಮಾತಿನಲ್ಲಿ ಮಾಫಿ ಆದ ಹಾಗೆ ಅನಿಸಿತು. ಅಂಗಳದ ಅಂಚಿನಲ್ಲಿ ತೆಂಗಿನ ಮರ ಹೋಗಿ ಎಷ್ಟೋ ಕಾಲವಾಗಿದೆ, ಮಾವ ಮಂಜು ಕಣ್ಣಿನಿಂದ ಅದೇ ಜಾಗವನ್ನು ನೋಡುತ್ತಿದ್ದರು.

"ಮಗಾ, ಅವನಿಗೆ ಮಗ ಇದ್ದನಾ?"

ನಾನು ಹಾಳೆಯನ್ನು ಮತ್ತೆ ಮೇಲಿನಿಂದ ಕೆಳಗೆ ನೋಡಿದೆ. ಹಿಂದೆ ತಿರುಗಿಸಿ ನೋಡಿದೆ.

"ಬರೆದಿಲ್ಲ, ಮಾವ."

"ಇದ್ದಿದ್ರೂ ಬರೀತಿರ್ಲಿಲ್ಲ," ಎಂದರು.

ನಾನು ಎದ್ದು ಒಳಗೆ ಹೋಗಿ ಬಂಟ್ವಾಳಕ್ಕೆ ಫೋನು ಮಾಡಿದೆ.